ಮುರಿಯಲು ಖರ್ಚು, ಕೂಡಿದರೆ ಆದಾಯ: ರಾಸಾಯನಿಕ ಕ್ರಿಯೆಯಲ್ಲಿ ಶಕ್ತಿಯ ಲೆಕ್ಕ

ಬಳ್ಳಾರಿ, ಕೊಪ್ಪಳ ಕಡೆ ಈಗ ಗೋಡೆಗೆ ಪೇಂಟೇ ಜಾಸ್ತಿ. ಆದರೂ ದನದ ಕೊಟ್ಟಿಗೆಗೆ, ಕಂಪೌಂಡಿಗೆ, ಊರ ಗುಡಿಗೆ ಹಬ್ಬದ ಮುಂಚೆ ಸುಣ್ಣ ಹಚ್ಚುವುದು ಪೂರ್ತಿ ನಿಂತಿಲ್ಲ. ಸುಟ್ಟ ಸುಣ್ಣದ ಹೆಂಟೆಗಳನ್ನು ಹಳೆಯ ಡ್ರಮ್ಮಿನ ನೀರಿಗೆ ಹಾಕುತ್ತಾರೆ. ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ, ಅಷ್ಟೇ. ಸ್ವಲ್ಪ ಹೊತ್ತಿಗೆ ಹೆಂಟೆ ಬಿರಿಯುತ್ತದೆ, ಅಂಚಿನಿಂದ ಬಿಳಿ ಹಿಟ್ಟು ಉದುರುತ್ತದೆ, ಸುಂಯ್ ಅಂತ ಸದ್ದು ಶುರುವಾಗುತ್ತದೆ. ನೋಡನೋಡುತ್ತಲೇ ನೀರು ಕೊತಕೊತ ಕುದಿಯುತ್ತದೆ. ಡ್ರಮ್ಮಿನ ಹೊರಗೆ ಕೈ ಇಟ್ಟರೆ ಸುಡುತ್ತದೆ. ಕೆಳಗೆ ಒಲೆ ಇಲ್ಲ, ಕಟ್ಟಿಗೆ ಇಲ್ಲ. ಹಾಗಾದರೆ ಈ ಬಿಸಿ ಎಲ್ಲಿಂದ ಬಂತು?

ಹತ್ತನೇ ತರಗತಿಯ ಪುಸ್ತಕದಲ್ಲಿ ಇದಕ್ಕೆ ಬಹಿರುಷ್ಣಕ ಕ್ರಿಯೆ ಎಂದಿದ್ದಾರೆ. ಕ್ಯಾಲ್ಸಿಯಂ ಆಕ್ಸೈಡ್ ನೀರಿನ ಜೊತೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಶಾಖ ಹೊರಬರುತ್ತದೆ. ಒಂದು ಮೋಲ್‌ಗೆ, ಅಂದರೆ 56 ಗ್ರಾಂ ಸುಟ್ಟ ಸುಣ್ಣಕ್ಕೆ (ಮೋಲ್ ಎಂದರೆ ಡಜನ್ ಇದ್ದಹಾಗೆ, ಕಣಗಳನ್ನು ಎಣಿಸುವ ಅಳತೆ), ಸುಮಾರು 65 ಕಿಲೋಜೂಲ್. ಅಷ್ಟೇನಾ ಅನ್ನಿಸಬಹುದು. ಒಂದು ಕೆಜಿಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ 1,160 ಕಿಲೋಜೂಲ್ ಆಗುತ್ತದೆ. ಒಂದು ಚೂರೂ ಶಾಖ ಪೋಲಾಗದಿದ್ದರೆ ಅದರಿಂದ 30 ಡಿಗ್ರಿಯ ನಾಲ್ಕು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಡ್ರಮ್ಮಿನ ಹತ್ತಿರ ಮಕ್ಕಳನ್ನು ಬಿಡಬಾರದು ಅನ್ನುವುದು ಇದಕ್ಕೇ. ಸಿಡಿದ ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕೇ ಹೊರತು ಸುಣ್ಣದ ರಾಶಿಯ ಮೇಲೆ ನೀರು ಸುರಿಯಬಾರದು.

ಹೆಸರು ಹೇಳಿದ ಮಾತ್ರಕ್ಕೆ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ. ಬಿಸಿ ಎಲ್ಲಿಂದ ಬಂತು ಎಂದು ಮತ್ತೆ ಕೇಳಿದರೆ ಬಹಳಷ್ಟು ಮಕ್ಕಳು ಹೇಳುವುದು ಒಂದೇ: "ಬಂಧದೊಳಗೆ ಶಕ್ತಿ ಇರುತ್ತದೆ ಸಾರ್, ಬಂಧ ಮುರಿದಾಗ ಅದು ಹೊರಗೆ ಬರುತ್ತದೆ." ಕೇಳೋಕೆ ಸರಿಯಾಗೇ ಇದೆ, ಅಲ್ವಾ? ಆದರೆ ಇದು ತಪ್ಪು. ಸುಮ್ನೆ ಸಣ್ಣ ತಪ್ಪಲ್ಲ, ಪೂರ್ತಿ ತಿರುಗುಮುರುಗು. ಈ ಒಂದು ವಿಷಯ ಸರಿಮಾಡಿಕೊಂಡರೆ ಅಧ್ಯಾಯದ ಉಳಿದದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ಅನಿಸಿಕೆ.

ಬಂಧ ಮುರಿಯುವುದು ಯಾವಾಗಲೂ ಖರ್ಚಿನ ಬಾಬ್ತು

ಎರಡು ಪರಮಾಣುಗಳು ಜೊತೆಗಿವೆ ಅಂದರೆ ಒಂದನ್ನೊಂದು ಎಳೆದು ಹಿಡಿದಿವೆ ಎಂದರ್ಥ. ಅವನ್ನು ಬೇರೆ ಮಾಡಬೇಕೆಂದರೆ ಆ ಎಳೆತದ ವಿರುದ್ಧ ಜಗ್ಗಬೇಕು. ಜಗ್ಗುವುದಕ್ಕೆ ಶಕ್ತಿ ಬೇಕು. ಆದ್ದರಿಂದ ಬಂಧ ಮುರಿಯುವುದಕ್ಕೆ ಯಾವಾಗಲೂ ಶಕ್ತಿ ಕೊಡಲೇಬೇಕು, ಇದಕ್ಕೆ ವಿನಾಯಿತಿ ಇಲ್ಲ. ದೂರವಿದ್ದ ಎರಡು ಪರಮಾಣುಗಳು ಒಂದನ್ನೊಂದು ಎಳೆದುಕೊಂಡು ಬಂದು ಕೂಡಿದಾಗ ಅಷ್ಟೇ ಶಕ್ತಿ ಹೊರಗೆ ಬೀಳುತ್ತದೆ. ಕೂಡುವುದು ಆದಾಯ, ಬೇರೆಯಾಗುವುದು ಖರ್ಚು.

ರಾಸಾಯನಿಕ ಕ್ರಿಯೆಯಲ್ಲಿ ಎರಡೂ ನಡೆಯುತ್ತವೆ. ಹಳೆಯ ಬಂಧಗಳು ಮುರಿಯುತ್ತವೆ, ಹೊಸವು ಹುಟ್ಟುತ್ತವೆ. ಸಿಂಧನೂರು ಕಡೆಯ ರೈತರ ಭತ್ತದ ಲೆಕ್ಕದ ಹಾಗೆ ಇದು. ಸಸಿಮಡಿ, ನಾಟಿ, ಗೊಬ್ಬರ, ಕೂಲಿ ಅಂತ ಮೊದಲು ಕೈಯಿಂದ ಹಾಕಬೇಕು. ದುಡ್ಡು ಬರುವುದು ಫಸಲು ಮಾರಿದ ಮೇಲೆ. ಬಂದದ್ದು ಹಾಕಿದ್ದಕ್ಕಿಂತ ಜಾಸ್ತಿಯಾದರೆ ಉಳಿಕೆ, ಕಡಿಮೆಯಾದರೆ ಮೈಮೇಲೆ. ಕ್ರಿಯೆಯಲ್ಲಿ ಉಳಿಕೆಯಾದರೆ ಅದು ಶಾಖವಾಗಿ ಹೊರಗೆ ಬರುತ್ತದೆ, ಆಗ ಅದು ಬಹಿರುಷ್ಣಕ. ಕಡಿಮೆ ಬಿದ್ದರೆ ಆ ಕೊರತೆಯನ್ನು ಸುತ್ತಮುತ್ತಲಿನಿಂದ ಎಳೆದುಕೊಳ್ಳಬೇಕು, ಆಗ ಅದು ಅಂತರುಷ್ಣಕ.

ಸುಣ್ಣದಲ್ಲಿರುವುದು ಅಯಾನುಗಳ, ಅಂದರೆ ವಿದ್ಯುದಾವೇಶ ಇರುವ ಕಣಗಳ ಬಂಧ, ಅದರ ಒಳಲೆಕ್ಕ ಸ್ವಲ್ಪ ಉದ್ದ. ಸುಲಭದ್ದೊಂದು ತೆಗೆದುಕೊಳ್ಳೋಣ. ಎರಡು ಮೋಲ್ ಹೈಡ್ರೋಜನ್, ಒಂದು ಮೋಲ್ ಆಕ್ಸಿಜನ್ ಸೇರಿ ಎರಡು ಮೋಲ್ ನೀರಾವಿ ಆಗುತ್ತದೆ. ಹೈಡ್ರೋಜನ್ ಅಣುವಿನ ಬಂಧ ಮುರಿಯಲು ಮೋಲ್‌ಗೆ 436 ಕಿಲೋಜೂಲ್ ಬೇಕು. ಎರಡಕ್ಕೆ 872. ಆಕ್ಸಿಜನ್ನಿನ ಜೋಡಿಬಂಧಕ್ಕೆ 498. ಒಟ್ಟು ಖರ್ಚು 1,370. ಈಗ ಆದಾಯ ನೋಡಿ. ಒಂದೊಂದು ನೀರಿನ ಅಣುವಿನಲ್ಲಿ ಆಕ್ಸಿಜನ್-ಹೈಡ್ರೋಜನ್ ಬಂಧ ಎರಡೆರಡು, ಹಾಗಾಗಿ ಒಟ್ಟು ನಾಲ್ಕು. ಒಂದಕ್ಕೆ 463ರಂತೆ 1,852 ಬಂತು. ಖರ್ಚು ಕಳೆದರೆ 482 ಕಿಲೋಜೂಲ್ ಉಳಿಕೆ. ಪ್ರಯೋಗ ಮಾಡಿ ಅಳೆದರೆ ಸಿಗುವುದು 484. ಬಂಧಗಳ ಅಂಕಿಗಳು ಸರಾಸರಿ ಅಂಕಿಗಳು, ಆದ್ದರಿಂದ ಒಂದೆರಡು ಆಚೀಚೆ ಆಗುತ್ತದೆ.

ಗಮನಿಸಿ, ಈ 482 ಬಂದದ್ದು ಹಳೆಯ ಬಂಧ ಮುರಿದದ್ದರಿಂದ ಅಲ್ಲ. ಹೊಸ ಬಂಧಗಳು ಹಳೆಯವಕ್ಕಿಂತ ಗಟ್ಟಿ, ಅದರಿಂದ. ಸಡಿಲವಾಗಿ ಹಿಡಿದವರನ್ನು ಬಿಡಿಸಿ ಗಟ್ಟಿಯಾಗಿ ಹಿಡಿಯುವವರ ಜೊತೆ ಕೂಡಿಸಿದರೆ ಶಾಖ ಸಿಗುತ್ತದೆ.

ಮಕ್ಕಳಿಗೆ ಈ ಗೊಂದಲ ಹುಟ್ಟುವುದು ಹೆಚ್ಚಾಗಿ ಜೀವಶಾಸ್ತ್ರದ ಪಿರಿಯಡ್ಡಿನಲ್ಲಿ. "ಎಟಿಪಿಯ ಫಾಸ್ಫೇಟ್ ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ" ಎಂದು ಅಲ್ಲಿ ಬರೆಸುತ್ತಾರೆ. ಎಟಿಪಿ ಅಂದರೆ ಜೀವಕೋಶಗಳು ಶಕ್ತಿಗೆ ಬಳಸುವ ಅಣು. ಮುಂದಿನ ಪಿರಿಯಡ್ಡಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಬಂದು ಮುರಿಯಲು ಶಕ್ತಿ ಬೇಕು ಅನ್ನುತ್ತಾರೆ. ಮಗು ಯಾರ ಮಾತು ನಂಬಬೇಕು? ನಿಜ ಏನೆಂದರೆ ಎಟಿಪಿಯ ಆ ಬಂಧ ಮುರಿಯಲೂ ಖರ್ಚೇ. ಆದರೆ ಅದು ನೀರಿನ ಜೊತೆ ಕ್ರಿಯೆ ನಡೆಸಿ ಹೊಸ ಬಂಧಗಳು ಹುಟ್ಟುತ್ತವಲ್ಲ, ಆ ಆದಾಯ ಖರ್ಚಿಗಿಂತ ಜಾಸ್ತಿ. ಜೀವಶಾಸ್ತ್ರದವರು ಮಧ್ಯದ ಲೆಕ್ಕ ಬಿಟ್ಟು ಕೊನೆಯ ಉಳಿಕೆ ಮಾತ್ರ ಹೇಳುತ್ತಾರೆ, ಅಷ್ಟೇ.

ಮುಂಗಡ ಕೊಡದೆ ಕೆಲಸ ಶುರುವಾಗುವುದಿಲ್ಲ

ಉಳಿಕೆ ಇದೆ ಅಂದಮೇಲೆ ಕ್ರಿಯೆ ತಾನಾಗೇ ನಡೆಯಬೇಕಲ್ಲ? ಅಡುಗೆಮನೆಯ ಗ್ಯಾಸ್ ನೋಡಿ. ಬರ್ನರ್ ತಿರುಗಿಸಿದರೆ ಗ್ಯಾಸ್ ಬರುತ್ತದೆ, ಸುತ್ತ ಆಕ್ಸಿಜನ್ ಇದೆ, ಆದರೂ ಲೈಟರ್ ಒತ್ತುವವರೆಗೆ ಉರಿಯುವುದಿಲ್ಲ. ಮೊದಲು ಕೆಲವು ಬಂಧಗಳಾದರೂ ಸಡಿಲವಾಗಬೇಕು, ಅದಕ್ಕೆ ಮುಂಗಡ ಬೇಕು. ಲೈಟರಿನ ಕಿಡಿ ಕೊಡುವುದು ಅದನ್ನೇ. ಇದಕ್ಕೆ ಸಕ್ರಿಯಣ ಶಕ್ತಿ ಅನ್ನುತ್ತಾರೆ. ಮೊದಲ ಕೆಲವು ಅಣುಗಳು ಉರಿದಾಗ ಬಂದ ಉಳಿಕೆಯೇ ಪಕ್ಕದ ಅಣುಗಳಿಗೆ ಮುಂಗಡವಾಗುತ್ತದೆ. ಆದ್ದರಿಂದ ಲೈಟರ್ ಒಂದು ಸಲ ಒತ್ತಿದರೆ ಸಾಕು, ರೊಟ್ಟಿ ಪೂರ್ತಿ ಬೇಯುವವರೆಗೆ ಒತ್ತುತ್ತಾ ಕೂರಬೇಕಿಲ್ಲ. ಗ್ಯಾಸ್ ಸೋರಿದ ವಾಸನೆ ಬಂದಾಗ ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ ಅನ್ನುವುದು ಇದೇ ಕಾರಣಕ್ಕೆ. ಆ ಮುಂಗಡ ತೀರಾ ಚಿಕ್ಕದು, ಸ್ವಿಚ್ಚಿನೊಳಗಿನ ಕಿಡಿಯೇ ಸಾಕು.

ಕ್ರಿಯಾವರ್ಧಕ ಮಾಡುವುದು ಈ ಮುಂಗಡವನ್ನು ಕಡಿಮೆ ಮಾಡುವ ಕೆಲಸ. ಕೊನೆಯ ಉಳಿಕೆ ಅದರಿಂದ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡಿಗೆ ಹಸಿ ಆಲೂಗಡ್ಡೆಯ ಒಂದು ಹೋಳು ಹಾಕಿ ನೋಡಿ. ಬಾಟಲಿಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದದ್ದು ಬುಸುಬುಸು ನೊರೆ ಏಳುತ್ತದೆ. ಆಲೂಗಡ್ಡೆಯ ಕಿಣ್ವ ಮುಂಗಡವನ್ನು ಇಳಿಸಿತು.

ಯೂರಿಯಾ ಬಕೆಟ್ ಯಾಕೆ ತಣ್ಣಗಾಗುತ್ತದೆ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಒರೆಸುತ್ತಾ ಅಂತರುಷ್ಣಕ ಕ್ರಿಯೆಯ ಪಾಠ ಕೇಳುವ ಮಕ್ಕಳಿಗೆ ಅದನ್ನು ಕೈಯಲ್ಲೇ ತೋರಿಸಬಹುದು. ರೈತರ ಮನೆಯ ಮಕ್ಕಳಿಗಂತೂ ಇದು ಗೊತ್ತಿರುತ್ತದೆ. ಬೆಳೆಗೆ ಯೂರಿಯಾ ಸಿಂಪಡಿಸುವ ಮುಂಚೆ ಅದನ್ನು ಒಂದು ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಹಾಕಿ ಕರಗಿಸಿ, ಆಮೇಲೆ ಪಂಪಿಗೆ ಸುರಿಯುತ್ತಾರೆ. ಕಾಳು ಕರಗುತ್ತಿದ್ದಂತೆ ಬಕೆಟ್ ತಣ್ಣಗಾಗುತ್ತದೆ. ಕೆಲವೊಮ್ಮೆ ಹೊರಮೈ ಮೇಲೆ ನೀರಿನ ಹನಿ ಕೂಡ ಕಟ್ಟುತ್ತದೆ.

ತರಗತಿಯಲ್ಲಿ ಮಾಡುವುದಾದರೆ ಒಂದು ಪೇಪರ್ ಕಪ್ಪಿನಲ್ಲಿ 100 ಮಿಲಿ ನೀರು ತೆಗೆದುಕೊಳ್ಳಿ. ಸ್ಟೀಲ್ ಲೋಟ ಬೇಡ, ಅದು ಹೊರಗಿನ ಬಿಸಿಯನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಥರ್ಮಾಮೀಟರ್ ಇಟ್ಟು ಉಷ್ಣತೆ ಬರೆದುಕೊಳ್ಳಿ. 20 ಗ್ರಾಂ ಯೂರಿಯಾ ಹಾಕಿ ಕಲಕಿ. ಪಾದರಸ ಸರಸರ ಕೆಳಗಿಳಿಯುತ್ತದೆ, 8ರಿಂದ 10 ಡಿಗ್ರಿಯಷ್ಟು. ಈಗಿನ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪನ ಇರುವುದರಿಂದ ಮೇಲೆ ಸ್ವಲ್ಪ ಜಿಡ್ಡು ತೇಲುತ್ತದೆ, ವಾಸನೆಯೂ ಇರುತ್ತದೆ. ಪ್ರಯೋಗಕ್ಕೆ ಅದರಿಂದ ತೊಂದರೆ ಇಲ್ಲ. ಮುಗಿದ ಮೇಲೆ ಆ ನೀರನ್ನು ಗಿಡಕ್ಕೆ ಹಾಕುವ ಮುಂಚೆ ಹತ್ತುಪಟ್ಟು ನೀರು ಬೆರೆಸಿ, ಇಲ್ಲದಿದ್ದರೆ ಗಿಡ ಸುಟ್ಟುಹೋಗುತ್ತದೆ.

ಶಾಖದ ಲೆಕ್ಕ ಸರಳ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು ಅಥವಾ ಇಳಿಸಲು 4.2 ಜೂಲ್. ಕಪ್ಪಿನಲ್ಲಿ 100 ಗ್ರಾಂ ನೀರಿದೆ, 10 ಡಿಗ್ರಿ ಇಳಿಯಿತು ಅಂದುಕೊಳ್ಳಿ. 4.2ನ್ನು 100ರಿಂದ, ಮತ್ತೆ 10ರಿಂದ ಗುಣಿಸಿದರೆ 4,200 ಜೂಲ್. 20 ಗ್ರಾಂ ಯೂರಿಯಾ ಅಂದರೆ ಒಂದು ಮೋಲ್‌ನ ಮೂರನೇ ಒಂದು ಪಾಲು. ಹಾಗಾದರೆ ಒಂದು ಮೋಲ್‌ಗೆ 12.6 ಕಿಲೋಜೂಲ್. ನಿಖರವಾಗಿ ಅಳೆದವರಿಗೆ ಸಿಗುವುದು ಸುಮಾರು 15. ನಮ್ಮ ಪೇಪರ್ ಕಪ್ಪಿಗೆ ಇಷ್ಟು ಹತ್ತಿರ ಬಂದದ್ದೇ ದೊಡ್ಡದು. ಹೊರಗಿನ ಸೆಕೆ ಒಳಗೆ ನುಗ್ಗುತ್ತಿರುತ್ತದೆ, ಯೂರಿಯಾದ್ದೇ ತೂಕವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ಮಾತು. ಯೂರಿಯಾ ಕರಗುವುದು ನಿಜವಾದ ಅರ್ಥದಲ್ಲಿ ರಾಸಾಯನಿಕ ಕ್ರಿಯೆ ಅಲ್ಲ. ನೀರು ಆರಿಸಿದರೆ ಅದೇ ಯೂರಿಯಾ ವಾಪಸ್ ಸಿಗುತ್ತದೆ. ಆದರೆ ಲೆಕ್ಕದ ರೀತಿ ಅದೇ. ಯೂರಿಯಾ ಅಣುಗಳು ಒಂದನ್ನೊಂದು ಬಿಡಬೇಕು, ನೀರಿನ ಅಣುಗಳೂ ಜಾಗ ಬಿಡಬೇಕು, ಅದು ಖರ್ಚು. ಯೂರಿಯಾ ಮತ್ತು ನೀರು ಒಂದನ್ನೊಂದು ಹಿಡಿದುಕೊಂಡಾಗ ಬರುವ ಆದಾಯ ಆ ಖರ್ಚಿಗೆ ಸಾಲುವುದಿಲ್ಲ. ಕೊರತೆಯನ್ನು ನೀರಿನ ಬಿಸಿಯಿಂದಲೇ ತುಂಬಿಕೊಳ್ಳುತ್ತದೆ. ಅಪ್ಪಟ ರಾಸಾಯನಿಕ ಕ್ರಿಯೆಯೇ ಬೇಕು ಅನ್ನುವವರು ಮಿರ್ಚಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಲಿ. ನೊರೆ ಬರುತ್ತದೆ, ಜೊತೆಗೆ ಉಷ್ಣತೆ ಇಳಿಯುತ್ತದೆ. ನೊರೆ ನೋಡುವ ಭರದಲ್ಲಿ ಥರ್ಮಾಮೀಟರ್ ಕಡೆ ಯಾರೂ ನೋಡುವುದಿಲ್ಲ.

ಇಲ್ಲೇ ಇನ್ನೊಂದು ತಪ್ಪು ಕಲ್ಪನೆ ಬಿದ್ದುಹೋಗುತ್ತದೆ. ಅಂತರುಷ್ಣಕ ಅಂದರೆ ಕೆಳಗೆ ಬೆಂಕಿ ಹಚ್ಚಲೇಬೇಕು ಅಂತೇನಿಲ್ಲ. ನಿಂಬೆರಸ, ಸೋಡಾ ತಮ್ಮಷ್ಟಕ್ಕೇ ನಡೆಸುತ್ತವೆ. ನಷ್ಟದ ವ್ಯವಹಾರ ತಾನಾಗೇ ಯಾಕೆ ನಡೆಯುತ್ತದೆ ಎಂಬ ಪ್ರಶ್ನೆ ಹುಟ್ಟಬೇಕು. ಅಣುಗಳು ಚದುರಿ ಹರಡಿಕೊಳ್ಳುವುದಕ್ಕೂ ಪ್ರಕೃತಿಯಲ್ಲಿ ಒಂದು ಬೆಲೆ ಇದೆ, ಅನಿಲ ಹೊರಬರುವ ಕಡೆಯಂತೂ ಇನ್ನೂ ಜಾಸ್ತಿ. ಅದು ಪಿಯುಸಿಯ ಪಾಠ, ಇಲ್ಲಿಗೆ ಇಷ್ಟು ಸಾಕು.

ಚಿಹ್ನೆಯ ವಿಷಯದಲ್ಲಿ ಅಂಕ ಕಳೆದುಕೊಳ್ಳುವವರೂ ಬಹಳ. ಸುಣ್ಣದ ಡ್ರಮ್ಮು ಬಿಸಿಯಾಯಿತು, ಆದರೆ ಡೆಲ್ಟಾ ಎಚ್, ಅಂದರೆ ಕ್ರಿಯೆಯ ಶಾಖದ ಲೆಕ್ಕ, ಮೈನಸ್ 65 ಎಂದು ಬರೆಯುತ್ತೇವೆ. ಏರಿದ್ದಕ್ಕೆ ಮೈನಸ್ ಯಾಕೆ? ಯಾಕೆಂದರೆ ಲೆಕ್ಕದ ಪುಸ್ತಕ ಡ್ರಮ್ಮಿನದ್ದಲ್ಲ, ಥರ್ಮಾಮೀಟರಿನದ್ದೂ ಅಲ್ಲ. ಕ್ರಿಯೆಯಲ್ಲಿ ಭಾಗವಹಿಸಿದ ವಸ್ತುಗಳದ್ದು. ಅವುಗಳ ಕೈಯಿಂದ 65 ಹೋಯಿತು, ಅದು ಸುತ್ತಲಿನ ನೀರಿಗೆ ಸೇರಿತು. ಯೂರಿಯಾ ಬಕೆಟ್ಟಿನಲ್ಲಿ ಇದು ಉಲ್ಟಾ, ಅದಕ್ಕೇ ಅಲ್ಲಿ ಪ್ಲಸ್.

ಗೂಡಿನಲ್ಲಿ ಕೊಟ್ಟದ್ದು ಗೋಡೆಯ ಮೇಲೆ ವಾಪಸ್

ಸುಣ್ಣಕ್ಕೇ ಮತ್ತೆ ಬರೋಣ, ಅದರಲ್ಲಿ ಇನ್ನೂ ಒಂದು ಸೊಗಸಿದೆ. ಸುಟ್ಟ ಸುಣ್ಣ ನೆಲದಲ್ಲಿ ಸಿಗುವುದಿಲ್ಲ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಡಬೇಕು. ಆಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದು ಪಕ್ಕಾ ಅಂತರುಷ್ಣಕ. ಒಂದು ಮೋಲ್‌ಗೆ 178 ಕಿಲೋಜೂಲ್ ನುಂಗುತ್ತದೆ.

ಆ ಸುಣ್ಣವನ್ನು ನೀರಿಗೆ ಹಾಕಿದಾಗ 65 ವಾಪಸ್ ಬಂತು. ಉಳಿದ 113 ಎಲ್ಲಿ ಹೋಯಿತು? ಗೋಡೆಗೆ ಹಚ್ಚಿದ ಮೇಲೆ ಎರಡು ಮೂರು ದಿನ ಬಿಟ್ಟು ನೋಡಿ. ಹಚ್ಚುವಾಗ ಮಸುಕಾಗಿದ್ದದ್ದು ಬೆಳ್ಳಗೆ ಹೊಳೆಯುತ್ತದೆ. ಅರಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿರುತ್ತದೆ, ಅಂದರೆ ಗೂಡಿಗೆ ಹಾಕಿದ ಅದೇ ಕಲ್ಲು, ಈಗ ತೆಳು ಪದರವಾಗಿ. ಈ ಹಂತದಲ್ಲಿ ಹೊರಬರುವ ಶಾಖ ಸರಿಯಾಗಿ ಸುಮಾರು 113 ಕಿಲೋಜೂಲ್. 65ಕ್ಕೆ 113 ಕೂಡಿಸಿದರೆ 178. ಗೂಡಿನ ಕಟ್ಟಿಗೆ, ಕಲ್ಲಿದ್ದಲು ಕೊಟ್ಟದ್ದಷ್ಟೂ ಎರಡು ಕಂತಿನಲ್ಲಿ ಮರಳಿತು. ಡ್ರಮ್ಮಿನಲ್ಲಿ ಒಂದು ಕಂತು, ಗೋಡೆಯ ಮೇಲೆ ಇನ್ನೊಂದು.

ದೊಡ್ಡ ಕಂತು ಗೋಡೆಯದ್ದೇ, ಆದರೂ ಗೋಡೆ ಬಿಸಿಯಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಬರುವ ಶಾಖ ಬಂದಹಾಗೇ ಗಾಳಿಗೆ ಹೋಗಿಬಿಡುತ್ತದೆ. ಎಷ್ಟು ಶಾಖ ಅನ್ನುವುದು ಬೇರೆ, ಎಷ್ಟು ಬೇಗ ಅನ್ನುವುದು ಬೇರೆ. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ದಾರಿ ಯಾವುದಾದರೂ ಇರಲಿ, ಎಷ್ಟು ಹಂತವಾದರೂ ಇರಲಿ, ಹೊರಟ ವಸ್ತು ಮತ್ತು ತಲುಪಿದ ವಸ್ತು ಅವೇ ಆಗಿದ್ದರೆ ಒಟ್ಟು ಶಾಖ ಅಷ್ಟೇ. 1840ರಲ್ಲಿ ಇದನ್ನು ನಿಯಮವಾಗಿ ಹೇಳಿದವರು ಹೆಸ್, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞ.

ಗಂಗಾವತಿಯ ಭತ್ತಕ್ಕೂ ಇದೇ ನಿಯಮ. ಗದ್ದೆಯಲ್ಲಿ ದ್ಯುತಿಸಂಶ್ಲೇಷಣೆ ನಡೆದು 180 ಗ್ರಾಂ ಗ್ಲೂಕೋಸ್ ಆಗಲು ಸುಮಾರು 2,800 ಕಿಲೋಜೂಲ್ ಬೇಕು, ಕೊಡುವವನು ಸೂರ್ಯ. ಆ ಗ್ಲೂಕೋಸ್ ಅಕ್ಕಿಯ ಪಿಷ್ಟವಾಗಿ ನಮ್ಮ ಹೊಟ್ಟೆ ಸೇರಬಹುದು, ತವುಡಾಗಿ ದನದ ಬಾಯಿಗೆ ಹೋಗಬಹುದು, ಹೊಟ್ಟಿನ ರೂಪದಲ್ಲಿ ರೈಸ್ ಮಿಲ್ಲಿನ ಬಾಯ್ಲರಿನಲ್ಲಿ ಉರಿಯಬಹುದು. ಎಲ್ಲ ಕಡೆಯೂ ಹೊರಗೆ ಬರುವುದು ಬಿಸಿಲಿನಿಂದ ಬಂದದ್ದೇ. ದೇಹ ಅದನ್ನು 37 ಡಿಗ್ರಿಯಲ್ಲಿ, ಕಿಣ್ವಗಳ ಸಹಾಯದಿಂದ, ಹತ್ತಾರು ಸಣ್ಣ ಹಂತಗಳಲ್ಲಿ ಬಿಡಿಸಿಕೊಳ್ಳುತ್ತದೆ. ಬಾಯ್ಲರ್ ಒಂದೇ ಏಟಿಗೆ ಸುಡುತ್ತದೆ.

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ನಡೆಯುತ್ತಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕೆಲಸವೂ ಮೂಲದಲ್ಲಿ ಇದೇ. ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಕಲ್ಲಿದ್ದಲಿನ 12 ಗ್ರಾಂ ಇಂಗಾಲ ಪೂರ್ತಿ ಉರಿದರೆ 394 ಕಿಲೋಜೂಲ್. ಆದರೆ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟ್ ಆಗುತ್ತದೆ, ಉಳಿದದ್ದು ಹೊಗೆ ಕೊಳವೆ, ಕೂಲಿಂಗ್ ಟವರ್ ಮೂಲಕ ಹೊರಗೆ. ಅದೇ ಇಂಗಾಲ ಗಾಳಿ ಸಾಲದೆ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಆಗಿ ನಿಂತರೆ ಸಿಗುವುದು 111 ಮಾತ್ರ. ಬಾಕಿ 283 ಆ ಅನಿಲದ ಜೊತೆಗೇ ಹೋಗುತ್ತದೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರನ್ನು ಕೊಲ್ಲುವುದು ಇದೇ ಅನಿಲ. ಆದರೆ ಕಬ್ಬಿಣದ ಕಾರ್ಖಾನೆಗೆ ಅದೇ ಬೇಕು.

ಸಂಡೂರಿನ ಅದಿರು, ತೋರಣಗಲ್ಲಿನ ಕುಲುಮೆ

ಸಂಡೂರಿನ ಗುಡ್ಡಗಳ ಕೆಂಪು ಮಣ್ಣು, ಲಾರಿಗಳ ಹಿಂದೆ ಏಳುವ ಕೆಂಪು ಧೂಳು ಬಳ್ಳಾರಿಯವರಿಗೆ ಹೊಸದಲ್ಲ. ಅದು ಹೆಮಟೈಟ್, ಎರಡು ಕಬ್ಬಿಣಕ್ಕೆ ಮೂರು ಆಕ್ಸಿಜನ್ ಅಂಟಿಕೊಂಡಿರುವ ಅದಿರು. ಕಬ್ಬಿಣ ಬೇಕೆಂದರೆ ಆ ಆಕ್ಸಿಜನ್ನನ್ನು ಕಿತ್ತುಹಾಕಬೇಕು. ಎಷ್ಟು ಗಟ್ಟಿ ಅಂಟು ಗೊತ್ತಾ? ಒಂದು ಮೋಲ್ ಹೆಮಟೈಟಿನಿಂದ ಆಕ್ಸಿಜನ್ ಬಿಡಿಸಲು 824 ಕಿಲೋಜೂಲ್ ಖರ್ಚು. ಒಂದು ಕೆಜಿ ಕಬ್ಬಿಣಕ್ಕೆ ಲೆಕ್ಕ ಹಾಕಿದರೆ ಸುಮಾರು 7,400 ಕಿಲೋಜೂಲ್. ಬರೀ ಕಾಸಿದರೆ ಇದು ಆಗುವ ಕೆಲಸವಲ್ಲ. ಆಕ್ಸಿಜನ್ನನ್ನು ಕರೆದುಕೊಂಡು ಹೋಗುವ ಬೇರೆ ಯಾರಾದರೂ ಬೇಕು.

ತೋರಣಗಲ್ಲಿನ ಊದುಕುಲುಮೆಗಳಲ್ಲಿ ಆ ಕೆಲಸ ಮಾಡುವುದು ಕಾರ್ಬನ್ ಮಾನಾಕ್ಸೈಡ್. ಮೇಲಿನಿಂದ ಅದಿರು, ಕೋಕ್ (ಕಲ್ಲಿದ್ದಲನ್ನು ಗಾಳಿ ತಾಗದಂತೆ ಕಾಸಿ ಮಾಡಿದ ಇಂಗಾಲ), ಸುಣ್ಣದ ಕಲ್ಲು ಹಾಕುತ್ತಾರೆ. ಕೆಳಗಿನಿಂದ ಸಾವಿರ ಡಿಗ್ರಿಗೂ ಮೀರಿ ಕಾಸಿದ ಗಾಳಿ ಊದುತ್ತಾರೆ. ಗಾಳಿ ತಾಗಿದ ಕಡೆ ಕೋಕ್ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಮೋಲ್‌ಗೆ 394 ಬರುತ್ತದೆ. ಆ ಅನಿಲ ಮೇಲೆ ಏರುತ್ತಾ ಇನ್ನಷ್ಟು ಕೆಂಡದಂಥ ಕೋಕ್ ಜೊತೆ ಸೇರಿ ಎರಡು ಮೋಲ್ ಮಾನಾಕ್ಸೈಡ್ ಆಗುತ್ತದೆ. ಇದು ಅಂತರುಷ್ಣಕ, 172 ನುಂಗುತ್ತದೆ. ಬಂದದ್ದರಲ್ಲಿ ಅರ್ಧದ ಹತ್ತಿರ ಇಲ್ಲೇ ಹೋಯಿತು, ಆದರೂ ಪರವಾಗಿಲ್ಲ. ಮಾನಾಕ್ಸೈಡ್ ಇಲ್ಲದೆ ಮುಂದಿನ ಕೆಲಸ ಸಾಗುವುದಿಲ್ಲ.

ಮುಂದಿನ ಕೆಲಸದಲ್ಲಿ ಮೂರು ಮೋಲ್ ಮಾನಾಕ್ಸೈಡ್ ಒಂದು ಮೋಲ್ ಹೆಮಟೈಟಿನ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಕೀಳಲು ಖರ್ಚು 824. ಕಿತ್ತ ಆಕ್ಸಿಜನ್ ಮಾನಾಕ್ಸೈಡಿಗೆ ಕೂಡಿದಾಗ ಮೋಲ್‌ಗೆ 283ರಂತೆ ಮೂರಕ್ಕೆ 849 ಆದಾಯ. ಉಳಿಕೆ ಬರೀ 25 ಕಿಲೋಜೂಲ್. ಅಷ್ಟು ದೊಡ್ಡ ಕುಲುಮೆಯ ಮುಖ್ಯ ಕ್ರಿಯೆಯಲ್ಲಿ ಉಳಿಯುವುದು ಇಷ್ಟೇ ಇಷ್ಟು! ಕಬ್ಬಿಣ ಕರಗಿಸಲು, ಕಲ್ಲುಮಣ್ಣನ್ನು ಕಿಟ್ಟವಾಗಿ ಹರಿಸಲು, ಸುಣ್ಣದ ಕಲ್ಲು ಸುಡಲು ಬೇಕಾದ ಶಾಖವನ್ನೆಲ್ಲ ಕೋಕ್ ಉರಿದೇ ತುಂಬಬೇಕು. ಒಂದು ಟನ್ ಕಬ್ಬಿಣಕ್ಕೆ ಅರ್ಧ ಟನ್ನಿನ ಆಸುಪಾಸು ಕೋಕ್, ಕಲ್ಲಿದ್ದಲು ಹೋಗುವುದು ಅದಕ್ಕೇ.

ಅದೇ ಆಕ್ಸಿಜನ್ನನ್ನು ಅಲ್ಯೂಮಿನಿಯಂ ಕಿತ್ತುಕೊಂಡರೆ ಕಥೆಯೇ ಬೇರೆ. ಅಲ್ಯೂಮಿನಿಯಂ ಆಕ್ಸಿಜನ್ನನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕೂಡಿದಾಗ ಬರುವ ಆದಾಯ ಸುಮಾರು 1,676, ಖರ್ಚು ಅದೇ 824. ಉಳಿಕೆ 850ರ ಮೇಲೆ. ಕುಲುಮೆಯೇ ಬೇಡ, ಕಬ್ಬಿಣ ಅಲ್ಲೇ ಕರಗಿ ಹರಿಯುತ್ತದೆ. ರೈಲು ಹಳಿಗಳನ್ನು ಬೆಸೆಯುವ ಥರ್ಮಿಟ್ ವಿಧಾನ ಇದು. ಶಾಖ ಕೊಟ್ಟದ್ದು ಮುರಿದ ಬಂಧವಲ್ಲ, ಹುಟ್ಟಿದ ಬಂಧ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎರಡೂ ಕಡೆ ಮುರಿದದ್ದು ಒಂದೇ ಬಂಧ, ಖರ್ಚು ಒಂದೇ. ಬದಲಾದದ್ದು ಹೊಸ ಜೊತೆಗಾರ ಮಾತ್ರ.

ಕುಲುಮೆಯಲ್ಲಿ ಕೆಜಿಗೆ 7,400 ಕೊಟ್ಟು ಬಿಡಿಸಿದ ಕಬ್ಬಿಣ ತುಕ್ಕು ಹಿಡಿದು ಮತ್ತೆ ಆಕ್ಸೈಡ್ ಆದರೆ? ಅಷ್ಟೇ ಶಾಖ ವಾಪಸ್ ಬರಲೇಬೇಕು. ಅದರಿಂದ 25 ಲೀಟರ್ ನೀರು ಕುದಿಸಬಹುದು. ಅಂಗಳದ ಗೇಟು ತುಕ್ಕು ಹಿಡಿಯುವಾಗ ಬಿಸಿಯಾಗುವುದಿಲ್ಲ, ಯಾಕೆಂದರೆ ಆ ಲೆಕ್ಕ ತೀರಲು ವರ್ಷಗಳೇ ಬೇಕು.

ಆದರೆ ಬಳ್ಳಾರಿ, ಕೊಪ್ಪಳದ ಸ್ಪಾಂಜ್ ಐರನ್ ಘಟಕಗಳಲ್ಲಿ ಇದು ದಿನಗಳ, ಕೆಲವೊಮ್ಮೆ ಗಂಟೆಗಳ ಮಾತು. ಅಲ್ಲಿ ಅದಿರನ್ನು ಕರಗಿಸುವುದಿಲ್ಲ, ಗಟ್ಟಿಯಾಗಿರುವಾಗಲೇ ಆಕ್ಸಿಜನ್ ತೆಗೆಯುತ್ತಾರೆ. ಆಕ್ಸಿಜನ್ ಇದ್ದ ಜಾಗ ತೂತಾಗಿ ಉಳಿಯುತ್ತದೆ. ಒಂದು ತುಂಡು ಒಡೆದು ನೋಡಿದರೆ ಬೂದು ಬಣ್ಣ, ಒಳಗೆಲ್ಲ ಸಣ್ಣಸಣ್ಣ ರಂಧ್ರ. ಗಾಳಿ, ನೀರು ಒಳಗಿನವರೆಗೂ ನುಗ್ಗಲು ದಾರಿ ಇದೆ. ಮಳೆಗೆ ನೆನೆದ ರಾಶಿಯಲ್ಲಿ ತುಕ್ಕು ಹಿಡಿಯುವುದು ಜೋರಾಗುತ್ತದೆ, ಒಳಗಿನ ಶಾಖಕ್ಕೆ ಹೊರಹೋಗಲು ಸಮಯ ಸಿಗುವುದಿಲ್ಲ. ಬಿಸಿ ಏರಿದಷ್ಟೂ ಕ್ರಿಯೆ ಇನ್ನೂ ಚುರುಕಾಗುತ್ತದೆ, ಕಡೆಗೆ ರಾಶಿಯೇ ಕೆಂಡವಾಗಬಹುದು. ಆದ್ದರಿಂದ ಸ್ಪಾಂಜ್ ಐರನ್ನನ್ನು ಸೂರಿನಡಿ ಒಣಗಿದ ಜಾಗದಲ್ಲಿ ಇಡಬೇಕು. ಕಾದ ರಾಶಿಗೆ ನಾಲ್ಕು ಬಕೆಟ್ ನೀರು ಎರಚುವುದಂತೂ ಇನ್ನೂ ಅಪಾಯ. ಬಿಸಿ ಕಬ್ಬಿಣ ನೀರಾವಿಯಿಂದಲೂ ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಉಳಿಯುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಅಂಥ ರಾಶಿಯನ್ನು ಯಂತ್ರದಿಂದ ಎಳೆದು ನೆಲದ ಮೇಲೆ ತೆಳುವಾಗಿ ಹರಡಿದರೆ ಶಾಖಕ್ಕೆ ಹೊರಹೋಗಲು ದಾರಿ ಸಿಗುತ್ತದೆ, ರಾಶಿ ತಣ್ಣಗಾಗುತ್ತದೆ.